ಪುಣೆದಾಗ ಮುಯ್ಯಿ ದುಡದದ್ದು

ಬಾವಿ ಅಂದ್ರ ಕೆಳಗ ಹೋಗೂದು, ನನಗ ಅಷ್ಟ ಗೊತ್ತಿತ್ತು. ಪುಣೆದಾಗ ಕೆಲಸಕ್ಕ ನಿಂತ ಮೊದಲನೇ ದಿನ ನನ್ನ ಒಂದು ಅಪಾರ್ಟ್‌ಮೆಂಟಿನ ತಳಕ್ಕ ಒಯ್ದು ಲಿಫ್ಟಿನ ಗುಂಡಿಯೊಳಗ ಇಳಿಸಿದ್ರು. ಕತ್ತ ಎತ್ತಿ ನೋಡಿದ್ರ ಇಪ್ಪತ್ತೆರಡು ಅಂತಸ್ತಿನ ಬಾವಿ, ಮ್ಯಾಲಕ್ಕ ಹೋಗೇತಿ. ತುದಿಗೆ ಆಕಾಶ ಇಲ್ಲ, ಮಶಿನ್ ಐತಿ. ನಮ್ಮ ಊರು ಇಂಡಿಯೊಳಗ ಮೂರು ಅಂತಸ್ತಿನ ಮನಿ ಕಟ್ಟಿದವ್ರ ಹೆಸರು ಹೇಳಿ ಮಂದಿ ದಾರಿ ತೋರಸ್ತಾರ.

ಸಿಂದಗಿ, ಮುದ್ದೇಬಿಹಾಳ ಕಡಿ ಹುಡುಗ್ರು ಮೆಸೇಜ್ ಹಾಕಿ ಕೇಳಾಕತ್ತಾರ: "ಕಾಕಾ, ಕಾಂಟ್ರಾಕ್ಟ್ ಕೆಲಸಕ್ಕ ಪುಣೆಗೆ ಓಡ್ಯಾಡಿದ್ರ ಗಿಟ್ಟತೈತೇನ್ರಿ?" ಹೌದು, ಇಲ್ಲ ಅಂತ ಒಂದು ಮಾತಿನ್ಯಾಗ ಹೇಳಾಕ ಬರೂದಿಲ್ಲ. ಅದಕ್ಕ ಇಷ್ಟುದ್ದ ಬರದೇನಿ.

ನಾ ಮೊದಲ ಇಂಡಿಯೊಳಗ ಬೋರ್ ಮೋಟರ್ ರಿವೈಂಡಿಂಗ್ ಮಾಡ್ತಿದ್ದೆ. ಧಂದೆ ಬಿದ್ದ ಮ್ಯಾಲ ಅಂಗಡಿ ಮುಚ್ಚಿ, ಹನ್ನೊಂದು ತಿಂಗಳ ಕರಾರಿನ ಮ್ಯಾಲ ಲಿಫ್ಟ್ ನೋಡಿಕೊಳ್ಳಾಕ ಹೋದೆ. ಶನಿವಾರ ಸಂಜಿಕ ಪುಣೆ ಬಿಡೂದು, ರವಿವಾರ ಮುಂಜಾನೆ ಇಂಡಿ ರೋಡ್ ಸ್ಟೇಶನ್‌ದಾಗ ಇಳಿಯೂದು, ಸೋಮವಾರ ಮತ್ತ ಕೆಲಸಕ್ಕ ಹಾಜರ್. ಹೆಂಡ್ತಿ ಶೋಭಾ ಊರಾಗ ಹಿಟ್ಟಿನ ಗಿರಣಿ ನಡಸ್ತಾಳ.

ಪುಣೆದಾಗ ನಮ್ಮಂಥವ್ರಿಗೆ ಖೋಲಿ ಸಿಗೂದಿಲ್ಲ, ಮಂಚ ಸಿಗ್ತೈತಿ. ಕಾಟ್ ಬೇಸಿಸ್ ಅಂತಾರ. ಒಂದು ಖೋಲ್ಯಾಗ ನಾಕು ಮಂಚ, ನಿಂದೊಂದು. ಅದರ ಕೆಳಗಿನ ಜಾಗಾನ ನಿನ್ನ ಅಡಗಿಮನಿ, ನಿನ್ನ ಕಪಾಟು. ನಲವತ್ತಾರು ವರ್ಷದಾಂವ ಬಗ್ಗಿ ಮಂಚದ ಕೆಳಗಿಂದ ಕಟಕ್ ರೊಟ್ಟಿ ಎಳೀತಿದ್ರ ಪಕ್ಕದ ಮಂಚದ ಹುಡುಗ್ರು ನಗ್ತಿದ್ರು. ಶೇಂಗಾ ಚಟ್ನಿ ರುಚಿ ನೋಡಿದ ಮ್ಯಾಲ ನಗೂದು ಬಿಟ್ರು, ಈಗ ಕದ್ದು ತಿಂತಾರ. ಮರಾಠಿ ಬರ್ತೈತಿ ಅಂತ ನಮ್ಮ ಇಂಡಿ ಮಂದಿಗೆ ಸೊಕ್ಕು ಬಾಳ. ಇಲ್ಲಿ ಬಾಯಿ ತೆರದ ಕೂಡ್ಲೆ "ಸೋಲಾಪುರದವ್ರೇನು?" ಅಂತಾರ. ಹೂಂ ಅಂದಬಿಡ್ತೇನಿ. ಇಂಡಿ ಎಲ್ಲೈತಿ ಅಂತ ಹೇಳೂದ್ರಾಗ ಅವ್ರ ಅಂತಸ್ತು ಬಂದಿರ್ತೈತಿ.

ನನ್ನ ಜೋಡಿ ಕೆಲಸದಾಂವ ದಿಲೀಪ, ಪುಣೆದಾಗ ಹುಟ್ಟಿ ಬೆಳದಾಂವ. ಅವಂಗ ಗುರುವಾರ ಸುಟ್ಟಿ, ನನಗ ರವಿವಾರ. ಒಬ್ಬರರೆ ಲಿಫ್ಟಿನ ಹತ್ರ ಇರ್ಲೇಬೇಕು. ಅವ್ನ ಹೆಂಡ್ತಿ ಬಾಣಂತನಕ್ಕ ದವಾಖಾನಿ ಸೇರಿದಾಗ ಅವ್ನ ಪಾಳಿ ಎಲ್ಲಾ ನಾನ ಮಾಡಿದೆ. ಆ ತಿಂಗಳು ಊರಿಗೇ ಹೋಗಲಿಲ್ಲ. ನಾ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ನಮ್ಮ ಹೊಲದಾಗ ಮುಯ್ಯಿ ಹಂಗ ಅಲ್ಲೇನ್ರಿ? ಇವತ್ತು ನಿನ್ನ ಕಳೆ ತೆಗ್ಯಾಕ ನಾ ಬರ್ತೇನಿ, ನಾಳಿ ನನ್ನ ರಾಶಿಗೆ ನೀ ಬರ್ತಿ. ಪಗಾರಿಲ್ಲ, ಮಾತಿಲ್ಲ, ಕೇಳಿದ್ರ ಅಪಮಾನ.

ಬಾಗೇವಾಡ್ಯಾಗ ನನ್ನ ಬಸರಿ ತಂಗಿ ಕುಬಸ ಬಂತು, ಗುರುವಾರನ. ದಿಲೀಪಗ, "ಗುರುವಾರ ತಂಗಿ ಕುಬಸ ಐತಿ, ಹೊಂಟೇನಿ" ಅಂದೆ. "ಛಾನ್, ಹೋಗಿ ಬಾ ಅಣ್ಣಾ" ಅಂದ. ಮುಯ್ಯಿ ಮುಟ್ಟಿತು ಅಂತ ನಾ ಆರಾಮ ಗಾಡಿ ಹತ್ತಿದೆ. ನಾ ಕಾಂಟ್ರಾಕ್ಟರ್ ಶೇಟ್‌ಗೆ ಹೇಳಿ ಬದ್ಲಿ ಮಂದಿ ಮಾಡೇನಿ ಅಂತ ದಿಲೀಪ ತಿಳದು, ಆರಾಮ ಅತ್ತಿ ಮನಿಗೆ ಹೋದ.

ತಂಗಿಗೆ ಉಡಿ ತುಂಬೂ ಹೊತ್ತಿಗೆ ಶೇಟ್‌ನ ಫೋನ್ ಬಂತು. ಕಾಯಿಪಲ್ಯ ಚೀಲ ಹಿಡಕೊಂಡ ಅಜ್ಜಿ ಒಬ್ಬಾಕಿ ಎರಡು ಅಂತಸ್ತಿನ ನಡುವ ಲಿಫ್ಟಿನ್ಯಾಗ ಸಿಗಬಿದ್ದು, ತೆಗ್ಯಾಕ ಯಾರೂ ಇರಲಿಲ್ಲಂತ. ವಾಚಮನ್ ಬೇರೆ ಕಡಿಂದ ಮಂದಿ ಕರಕೊಂಡ ಬಂದು ತೆಗಿಸಿದ್ದ. ಅಜ್ಜಿಗೆ ಏನೂ ಆಗಿರಲಿಲ್ಲ, ಪುಣ್ಯಾ. ಶೇಟ್ ಸಾವಕಾಶ ಮಾತಾಡಿದ. ಅದಕ್ಕ ನನಗ ಅಂಜಿಕಿ ಆತು.

"ಕರಾರ ಮುಗಿಯಾಕ ಬಂದೈತಿ. ಬೇಕಿದ್ರ ಕುಟುಂಬ ತಂದು ಇಲ್ಲೇ ಇರು. ವಾರ ವಾರ ಊರಿಗೆ ಓಡೂ ಮನುಷ್ಯಾ ನನಗ ಬ್ಯಾಡ. ಸೋಮವಾರ ಬಂದು ಹೇಳು."

ಮನಿಗೆ ಬಂದು ಗಿರಣಿ ಬಾಗಲ್ದಾಗ ನಿಂತು ಶೋಭಾಗ ಕೇಳಿದೆ, "ಪುಣೆಗೆ ಬರ್ತಿಯೇನ?"

"ಬಂದು ಎಲ್ಲಿರ್ಲಿ, ನಿಮ್ಮ ಮಂಚದ ಕೆಳಗ?"

"ಬಾಡಗಿ ಮನಿ ಮಾಡೂಣು. ಗಿರಣಿ ಮಾರೂಣು."

ಆಕಿ ಗಿರಣಿ ಬಂದ್ ಮಾಡಿದ್ಲು. "ಅಂಗಡಿ ಮುಚ್ಚಿದಾಗ ನಿಮಗ ಊಟಕ್ಕ ಹಾಕಿದ್ದು ಇದ. ಹನ್ನೊಂದು ತಿಂಗಳ ಕಾಗದ ನಂಬಿ ಇದನ್ನ ಮಾರಾಕ ನನಗ ಹುಚ್ಚ ಹಿಡದಿಲ್ರಿ."

"ಹಂಗಾರ ಕೆಲಸ ಬಿಡ್ಲೇನು?"

"ಬಿಟ್ಟ ಬಂದು ಕಟ್ಟಿ ಮ್ಯಾಲ ಕುಂತು ನನಗ ಶಾಣ್ಯಾತನ ಹೇಳ್ತೀರಿ. ಅದೂ ಬ್ಯಾಡ."

ಆತ್ರಿ ಇನ್ನ. ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ. ರವಿವಾರ ಗಾಡ್ಯಾಗ ಕುಂತೂ ಅಲ್ಲ, ನಿಂತೂ ಅಲ್ಲ, ಬಾಗಲಿಗೂ ಸೀಟಿಗೂ ಓಡ್ಯಾಡಿಕೋತ ಹೋದೆ.

ಸೋಮವಾರ ಪುಣೆದಾಗ ಭೇಟಿ ಆದಾಗ ದಿಲೀಪನ ಮ್ಯಾಲ ನನಗ ಸಿಟ್ಟು, ನನ್ನ ಮ್ಯಾಲ ಅವಂಗ. "ಅಣ್ಣಾ, ನಿನ್ನ ಪಾಳಿಗೆ ಬರ್ತೇನಿ ಅಂತ ನಾ ಯಾವಾಗ ಹೇಳಿದ್ದೆ?" ಅಂದ.

"ನಿನ್ನ ಹೆಂಡ್ತಿ ಬಾಣಂತನಕ್ಕ ನಾ ದುಡೀಲಿಲ್ಲೇನು?"

"ಓವರ್‌ಟೈಮ್ ಬೇಕಾಗಿತ್ತು, ಮಾಡಿದಿ ಅನ್ಕೊಂಡಿದ್ದೆ."

"ಒಂದು ರೂಪಾಯಿ ಓವರ್‌ಟೈಮ್ ತಗೊಂಡಿಲ್ಲಪಾ ನಾ." ಮುಯ್ಯಿ ಅಂದ್ರ ಏನಂತ ಬಿಡಿಸಿ ಹೇಳಿದೆ. ಅಂವ ಹೊರಗ ಹೋಗಿ ಸಾತಾರಾ ಕಡಿ ತಮ್ಮ ಮೂಲ ಹಳ್ಳಿಯೊಳಗಿದ್ದ ತಾಯಿಗೆ ಫೋನ್ ಹಚ್ಚಿದ. ತಿರಗಿ ಬಂದಾಗ ಮಾರಿ ಸಣ್ಣದಾಗಿತ್ತು. "ಆಯಿ ಬೈದ್ಲು. ನಮ್ಮ ಊರಾಗ ಇದಕ್ಕ ಸಾವಡ ಅಂತಾರಂತ. ನಾ ನಿನಗ ಇನ್ನೂ ಕೊಡೂದೈತಂತ."

ಶೇಟ್ ಕಡೆ ಇಬ್ಬರೂ ಹೋದ್ವಿ. ಮಾತಾಡಿದಾಂವ ದಿಲೀಪ: "ಒಬ್ಬರು ಹೋದ್ರ ಇನ್ನೊಬ್ಬರು ನಿಂದರ್ತೇವಿ. ಮತ್ತೊಮ್ಮಿ ತಪ್ಪಿದ್ರ ಇಬ್ಬರನ್ನೂ ತೆಗೀರಿ." ಶೇಟ್ ನಮ್ಮಿಬ್ಬರ ಮಾರಿ ನೋಡಿ, ಗೊಣಗಿ, ಕರಾರ ಮುಂದುವರಿಸಿದ.

ಆದ್ರ ಮುಯ್ಯಿ ಅಂದ್ರ ನಾನೂ ಕೊಡಬೇಕಲ್ಲ. ಗಣಪತಿ ಹಬ್ಬಕ್ಕ ದಿಲೀಪ ಹಳ್ಳಿಗೆ ಹೋದ, ನಾ ಪುಣೆದಾಗ ಉಳದೆ. ಲಿಫ್ಟಿನ್ಯಾಗ ಸಿಗಬಿದ್ದಿದ್ದ ಆ ಅಜ್ಜಿ, ಅಪಾರ್ಟ್‌ಮೆಂಟಿನ ಗಣಪತಿ ಆರತಿ ತಾಟು ನನ್ನ ಕೈಯಾಗ ಕೊಟ್ಟು, "ನಮ್ಮ ಲಿಫ್ಟ್‌ವಾಲೆ ಕಾಕಾ" ಅಂತ ಎಲ್ಲಾರಿಗೂ ತೋರಿಸಿದ್ಲು. ಎದಿ ಉಬ್ಬಿತು. ಅವತ್ತ ಊರಾಗ ನಾ ಇಲ್ದ ನಮ್ಮ ಮನಿ ಗಣಪ್ಪನ್ನ ಶೋಭಾನ ಹೊತ್ತು ತಂದಿದ್ಲು.

ಮೊನ್ನಿ ಎಳ್ಳ ಅಮಾಸಿಗೆ ಊರಿಗೆ ಹೋಗಿದ್ದೆ, ದಿಲೀಪ ಪುಣೆದಾಗ ನಿಂತಿದ್ದ. ಹೊಲದಾಗ ಬೆಳಿಗೆ ಚರಗದ ಎಡಿ ಚೆಲ್ಲಿ ಎಲ್ಲಾರೂ ಊಟಕ್ಕ ಕುಂತ್ವಿ. ಸಜ್ಜಿ ಕಡಬು, ಪುಂಡಿಪಲ್ಯ, ಎಣ್ಣಿಗಾಯಿ. ನಡುವ ಎದ್ದು ಬದುವಿನ ಕಡೆ ಹೋಗಿ ಫೋನ್ ಹಚ್ಚಿದೆ.

"ಎಲ್ಲಾ ಬರೊಬ್ಬರಿ ಐತಿ ಅಣ್ಣಾ, ನೀ ಊಟ ಮಾಡು" ಅಂದು ದಿಲೀಪ ಫೋನ್ ಇಟ್ಟ.

ತಿರಗಿ ಬಂದು ಕುಂತೆ. "ಯಾರು?" ಅಂದ್ಲು ಶೋಭಾ.

"ದಿಲೀಪ."

"ಲಿಫ್ಟ್ ಕೆಟ್ಟೈತೇನು?"

"ಇಲ್ಲ. ಛಲೋ ನಡದೈತಿ."

"ಮತ್ತ ಮಾರಿ ಯಾಕ ಹಂಗ ಮಾಡೀರಿ?"

ಕಡಬು ಮುರಕೊಂಡು ಪುಂಡಿಪಲ್ಯದಾಗ ಅದ್ದಿದೆ. ನಾ ಇಲ್ದನ ಎಲ್ಲಾ ನಡದೈತಿ; ಒಂದೀಟು ಕೆಟ್ಟು ನಾ ಬೇಕಾಗಿದ್ರ ಛಲೋ ಇತ್ತು ಅನಿಸಿತ್ತು ನನಗ. ಅದನ್ನ ಈಕಿ ಮುಂದ ಹೆಂಗ ಹೇಳ್ಲಿ?