ಬಾಡಿಗೆದಾರರಿಲ್ಲದ ಬೀದಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುವುದು ನನ್ನ ಕೆಲಸ. ನನ್ನ ಮನೆ ಇರುವುದೂ ಈ ನಾಲ್ಕರಲ್ಲಿ ಒಂದು ಪಟ್ಟಣದಲ್ಲಿ. ಯಾವುದೆಂದು ಬರೆಯುವುದಿಲ್ಲ. ನಾನು ಹೇಳಲಿರುವ ತಪ್ಪನ್ನು ನಮ್ಮ ಬೀದಿಯವರೆಲ್ಲ ಮಾಡಿದರು. ಅವರದನ್ನು ಅವರು ಹೇಳಿಕೊಳ್ಳಲಿ.

ನಮ್ಮ ಮನೆಗೆ ಅಂಟಿಕೊಂಡಂತೆ ಅಪ್ಪನ ಕಾಲದ ಕೊಟ್ಟಿಗೆಯೊಂದಿತ್ತು. ಅಪ್ಪ ಹೋದ ಮೇಲೆ ದನ ಮಾರಿದೆ. ಗೋದಲಿ ಒಡೆಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಮೇಲೆ ಶೀಟು ಹೊದಿಸಿ ಬಾಡಿಗೆಗೆ ಕೊಟ್ಟೆ. ಒಂದು ಕೋಣೆ, ಒಂದು ಅಡುಗೆ ಮೂಲೆ, ಓಣಿಯ ಕಡೆಗೆ ಒಂದು ಬಾಗಿಲು. ಕಿಟಕಿ ಇಡಿಸಲಿಲ್ಲ. ದನಗಳಿದ್ದಾಗ ಆ ಜಾಗದ ಮುಂಭಾಗ ಪೂರ್ತಿ ತೆರೆದೇ ಇತ್ತು; ಜನ ಬರುತ್ತಾರೆಂದು ನಾನೇ ಗೋಡೆ ಕಟ್ಟಿಸಿ ಮುಚ್ಚಿದ್ದೆ.

ಅದರಲ್ಲಿ ಗಂಡ ಹೆಂಡತಿ ಇದ್ದರು. ಅವನು ಚಿನಕುರಳಿ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಬಹಳ ವರ್ಷ ಹೋದವನು. ನಮ್ಮಲ್ಲಿಗೆ ಬರುವ ಹೊತ್ತಿಗೆ ಎದೆ ಕೆಟ್ಟಿತ್ತು. ಹತ್ತು ಹೆಜ್ಜೆ ನಡೆದರೆ ನಿಲ್ಲುತ್ತಿದ್ದ, ಗೋಡೆ ಹಿಡಿದು ಉಸಿರು ಎಳೆದುಕೊಳ್ಳುತ್ತಿದ್ದ. ಅವಳು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ನಮ್ಮ ಕಡೆ ಮನೆ ಮಾಲೀಕನನ್ನು ಹಾಗೆಯೇ ಕರೆಯುವುದು, ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಆ ವರ್ಷ ಪುರಸಭೆಯ ಮುಂದೆ ಒಂದು ಪ್ರಸ್ತಾವ ಬಂತು. ಪಟ್ಟಣದ ಬಾಡಿಗೆ ಮನೆಗಳನ್ನೆಲ್ಲ ಅಧಿಕಾರಿಗಳು ನೋಡಬೇಕು. ಗಾಳಿ, ಬೆಳಕು, ವೈರಿಂಗು, ಶೌಚಾಲಯ ಸರಿಯಿದ್ದರೆ ಮಾತ್ರ ಬಾಡಿಗೆಗೆ ಕೊಡಲು ಲೈಸೆನ್ಸು. ಸುದ್ದಿಯನ್ನು ನಾನೇ ಬರೆದೆ. ‘ಪ್ರತಿ ಕೋಣೆಗೂ ಕನಿಷ್ಠ ಒಂದು ಕಿಟಕಿ ಕಡ್ಡಾಯವಾಗುವ ಸಾಧ್ಯತೆ ಇದೆ’ ಎಂಬುದು ಎರಡನೆಯ ಪ್ಯಾರಾದಲ್ಲಿತ್ತು.

ಮಾರನೆಯ ದಿನ ಬೆಳಿಗ್ಗೆ ಅವನು ಟೀ ಅಂಗಡಿಯಿಂದ ಆ ಪುಟವನ್ನು ಕೇಳಿಕೊಂಡು ತಂದಿದ್ದ. ನಮ್ಮ ಜಗಲಿಯ ಮೇಲೆ ಕೂತು ಮೊದಲು ಉಸಿರು ಹಿಡಿದುಕೊಂಡ.

“ಸಾ, ಇದು ನೀವೇ ಬರ್ದಿದ್ದಾ?”

“ಹೂಂ.”

“ಕಿಟ್ಕಿ ಇಡ್ಲೇಬೇಕಂತಾ?”

“ಪ್ರಸ್ತಾವ ಅಷ್ಟೇ. ಸಭೇಲಿ ಪಾಸಾಗಬೇಕು.”

“ಆಯ್ತದೆ ಬುಡಿ ಸಾ, ಪೇಪರ್ನಾಗೇ ಬಂದದಲ್ಲ,” ಎಂದು ನಕ್ಕ. “ಡಾಕ್ಟ್ರೂ ಅದ್ನೇ ಅಂದ್ರು. ಗಾಳಿ ಆಡೋ ಕಡೆ ಮಲಿಕ್ಕೊ, ಇಲ್ದಿದ್ರೆ ನನ್ತಾವ ಬರ್ಲೇಬ್ಯಾಡ ಅಂತ.”

ಅವನ ಹೆಂಡತಿ ಅಂದೇ ಸಂಜೆ ಬಾಯಿಬಿಟ್ಟು ಕೇಳಿದಳು. ಕಾನೂನು ಬರುವತನಕ ಯಾಕೆ, ಈಗಲೇ ಒಂದು ಸಣ್ಣ ಕಿಟಕಿ ಇಡಿಸಿಕೊಡಿ ಅಣ್ಣ ಎಂದಳು. ಆಷಾಢ ಹತ್ತಿರವಿತ್ತು. ನಮ್ಮಲ್ಲಿ ಆಷಾಢದಲ್ಲಿ ಯಾರೂ ಮನೆ ಕೆಲಸಕ್ಕೆ ಕೈ ಹಾಕುವುದಿಲ್ಲ, ಮನೆ ಬದಲಿಸುವುದೂ ಇಲ್ಲ. “ಆಷಾಢ ಕಳೀಲಿ ಕಣವ್ವ” ಎಂದೆ. ಅವಳು ತಕ್ಷಣ ಒಪ್ಪಿದಳು. ಆ ಮಾತಿಗೆ ಎದುರಾಡುವವರು ನಮ್ಮ ಸೀಮೆಯಲ್ಲಿಲ್ಲ ಎಂದು ಗೊತ್ತಿದ್ದೇ ಅದನ್ನು ಆಡಿದ್ದೆ. ನನಗೆ ಆಷಾಢದ ಮೇಲೆ ನಂಬಿಕೆಯಿಲ್ಲ. ಆ ಕೊಟ್ಟಿಗೆಗೆ ಶೀಟು ಹೊದಿಸಿದ್ದು ಆಷಾಢದಲ್ಲೇ.

ಶ್ರಾವಣ ಬಂತು. ಮತ್ತೆ ಕೇಳಿದಳು. ಪುರಸಭೆಯವರು ಕಿಟಕಿಗೆ ಇಂತಿಷ್ಟೇ ಅಳತೆ ಎಂದು ಹೇಳಬಹುದು, ಈಗ ಇಡಿಸಿ ಆಮೇಲೆ ಒಡೆಯುವುದೇಕೆ, ನೋಡೋಣ ಎಂದೆ.

ನಿಜವಾದ ಕಾರಣ ಬೇರೆ. ಓಣಿಯ ಕಡೆಯ ಗೋಡೆ ಬಾಗಿಲಿಗೇ ಸರಿಹೋಗಿತ್ತು. ಉಳಿದ ಮೂರು ಗೋಡೆಗಳಲ್ಲಿ ಎರಡು ಪಕ್ಕದವರ ಗೋಡೆಗೆ ತಾಗಿದ್ದವು. ಕಿಟಕಿ ಇಡಲು ಉಳಿದದ್ದು ಒಂದೇ, ಅದು ನಮ್ಮ ಒಳಂಗಳದ ಕಡೆಗಿತ್ತು. ನಾನು ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರು ಓದುವ ಜಾಗ ಅದು. ಅವರ ಒಗ್ಗರಣೆ, ಅವರ ಮಾತು, ಅವನ ಕೆಮ್ಮು ಅಲ್ಲಿಗೆ ಬರುವುದು ನನಗೆ ಬೇಡವಾಗಿತ್ತು. ಇದನ್ನು ನನ್ನ ಹೆಂಡತಿಯ ತಲೆಗೆ ಕಟ್ಟಬಹುದಿತ್ತು. ಆದರೆ ಅವಳು “ಇಡಿಸ್ಕೊಡಿ ಅತ್ಲಾಗೆ, ನಮ್ಮ ಅಂಗಳವೇನು ಅರಮನೆಯಾ?” ಎಂದವಳು.

ಅಷ್ಟರಲ್ಲಿ ಸಮೀಕ್ಷೆ ಶುರುವಾಯಿತು. ಪುರಸಭೆಯ ಬಿಲ್ ಕಲೆಕ್ಟರ್ ಒಂದು ಕಟ್ಟು ಫಾರಂ ಹಿಡಿದು ಮನೆಮನೆಗೆ ಬಂದ. ಯಾರ ಮನೆಯಲ್ಲಿ ಬಾಡಿಗೆಯವರು ಎಷ್ಟು ಎಂದು ಬರೆದುಕೊಳ್ಳುವುದು ಅವನ ಕೆಲಸ. ಹೀಗೆ ಬರೆಸಿದ ಮನೆಗಳನ್ನು ಮಾತ್ರ ಮುಂದೆ ಅಧಿಕಾರಿಗಳು ಬಂದು ನೋಡುವುದು.

“ಸಾರ್, ನಿಮ್ಮಲ್ಲಿ ಬಾಡ್ಗೆಯೋರು ಅವ್ರಾ?”

“ಇಲ್ಲ ಕಣಪ್ಪ.”

ಅವನು ಓಣಿಯ ಕಡೆ ಕತ್ತು ಚಾಚಿದ. ಅವಳು ಬಾಗಿಲಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಒಳಗಿಂದ ಕೆಮ್ಮು ಕೇಳುತ್ತಿತ್ತು.

“ಮತ್ತೆ ಆವಮ್ಮ?”

“ಅವಳು ನನ್ನ ತಂಗಿ.”

ಬಿಲ್ ಕಲೆಕ್ಟರ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. “ಈ ಬೀದಿಯೋರು ಬೋ ಪುಣ್ಯವಂತ್ರು ಸಾರ್. ಮೂಲೆ ಮನೆಯೋರ್ಗೆ ಐದ್ ಜನ ಬಾವಮೈದ್ರು. ಎದುರು ಮನೆಯೋರ್ಗೆ ಮಹಡಿ ತುಂಬ ಚಿಕ್ಕಪ್ಪದೀರು. ಒಬ್ಬ ಚಿಕ್ಕಪ್ಪ ಬಿಹಾರದೋನು ಸಾರ್, ಕನ್ನಡಾನೇ ಬರಾಕಿಲ್ಲ!” ಎಂದ. ನಂತರ ಅವಳ ಕಡೆ ತಿರುಗಿ, “ಔದೇನವ್ವ, ಇವ್ರು ನಿಮ್ಮಣ್ಣನಾ?” ಎಂದು ಕೇಳಿದ.

ನಾನು ಅವಳಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಈ ಫಾರಂನಲ್ಲಿ ತಮ್ಮ ಕೋಣೆ ಸೇರಿದರೆ ಕಿಟಕಿ ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಓದಿ ಹೇಳಿದ್ದ.

“ಊ ಕಣಪ್ಪ, ನಮ್ಮಣ್ಣ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ನನ್ನ ಮಾನ ಉಳಿಸಿದಳೋ, ಇರುವ ಸೂರು ಉಳಿಸಿಕೊಂಡಳೋ, ನಾನು ಕೇಳಲಿಲ್ಲ. ಊರಿನವರನ್ನೆಲ್ಲ ಪ್ರಶ್ನೆ ಕೇಳುವ ನಾನು ಅದೊಂದನ್ನು ಕೇಳಲಿಲ್ಲ.

ಪುರಸಭೆಯ ಸಭೆಯಲ್ಲಿ ಸಮೀಕ್ಷೆಯ ವರದಿ ಓದಿದರು. ಸಾಲು ಸಾಲು ಕೋಣೆಗಳಿರುವ ನಮ್ಮ ವಾರ್ಡಿನಲ್ಲಿ ಬಾಡಿಗೆ ಮನೆ ಎಂದು ದಾಖಲಾದದ್ದು ಬೆರಳೆಣಿಕೆಯಷ್ಟು. ಉಳಿದ ವಾರ್ಡುಗಳ ಲೆಕ್ಕವೂ ಹಾಗೆಯೇ ಇತ್ತು. ಒಬ್ಬ ಸದಸ್ಯರು ಎದ್ದು ನಿಂತು, “ಬಾಡ್ಗೆ ಮನೇನೇ ಇಲ್ವಂತೆ, ಲೈಸೆನ್ಸು ಯಾರ್ಗ್ ಕೊಡಾನ? ದನಿನ ಕೊಟ್ಗೆಗಾ?” ಎಂದರು. ಸಭೆ ನಕ್ಕಿತು. ಪತ್ರಕರ್ತರ ಸಾಲಿನಲ್ಲಿ ನಾನೂ ನಕ್ಕೆ. ಪ್ರಸ್ತಾವವನ್ನು ಕೈಬಿಟ್ಟರು.

ನಾಲ್ಕು ಪ್ಯಾರಾ ಬರೆದೆ. ‘ಸಮೀಕ್ಷೆಯ ಪ್ರಕಾರ ಪಟ್ಟಣದಲ್ಲಿ ಬಾಡಿಗೆ ಮನೆಗಳು ವಿರಳ’ ಎಂದು ಶುರುಮಾಡಿದೆ. ‘ಪ್ರಕಾರ’ ಎಂದು ಬರೆದರೆ ವರದಿಗಾರನ ಮೇಲೆ ಹೊಣೆ ಇರುವುದಿಲ್ಲ. ಸಭೆಯಲ್ಲಿ ಓದಿದ್ದನ್ನೇ ಬರೆದಿದ್ದೆ, ಒಂದು ಅಕ್ಷರ ಹೆಚ್ಚಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬರೆದ ಅತಿ ದೊಡ್ಡ ಸುಳ್ಳು ಅದು.

ಆ ಸುದ್ದಿ ಬಂದ ದಿನ ಅವನು ಜಗಲಿಗೆ ಬರಲಿಲ್ಲ. ಅವಳು ಬಂದಳು. ಕೂರಲಿಲ್ಲ.

“ಅಣ್ಣ, ಆಷಾಢ ಕಳೀಲಿ ಅಂದ್ರಿ, ಕಳೀತು. ಪುರಸಭೆಯೋರು ಏನಂತಾರೋ ನೋಡವ ಅಂದ್ರಿ, ಅವ್ರೂ ಅಂದ್ರು. ಈಗ ನೀವೊಂದ್ ಮಾತ್ ಏಳಿ.”

ನಾನು ಅಂಗಳಕ್ಕೆ ಹೋಗಿ ಆ ಗೋಡೆಯನ್ನು ನೋಡಿದೆ, ಮೊದಲ ಸಲ ನೋಡುವವನ ಹಾಗೆ. “ಹಳೇ ಮಣ್ಣಿನ ಗೋಡೆ ಕಣವ್ವ. ಕಿಟಕಿಗೆ ಒಡೆದರೆ ಪೂರಾ ಕೂತುಬಿಡ್ತದೆ” ಎಂದೆ.

“ಸರಿ ಬುಡಿ,” ಎಂದಳು. ಆ ವಾರವೇ ಕೋಣೆ ಖಾಲಿ ಮಾಡಿದರು. ಸಂತೆಬಾಚಹಳ್ಳಿ ಹತ್ತಿರದ ಹಳ್ಳಿಯಲ್ಲಿ ಅವನ ಅಕ್ಕನ ಮನೆ ಇತ್ತು. ಅವಳ ಅಡುಗೆ ಕೆಲಸ ಇಲ್ಲಿಗೇ ಬಿಟ್ಟುಹೋಯಿತು. ಆಟೋ ಓಣಿಯೊಳಗೆ ಬರುವಂತಿರಲಿಲ್ಲ. ಬಾಗಿಲಿಂದ ರಸ್ತೆಗೆ ಹೋಗುವುದರೊಳಗೆ ಅವನು ಮೂರು ಸಲ ನಿಂತ.

ಮುಂದಿನ ಬಾಡಿಗೆಯವರು ಬರುವ ಮೊದಲು ಸುಣ್ಣ ಬಳಿಸಲು ಕರೆದ ಗಾರೆಯವನನ್ನು, ಈ ಗೋಡೆಗೆ ಕಿಟಕಿ ಇಟ್ಟರೆ ತಡೆಯುತ್ತದಾ ಎಂದು ಕೇಳಿದೆ. ಅವನು ಎರಡು ಕಡೆ ಬಡಿದು ನೋಡಿ, “ಇದ್ಕೇನ್ ಧಾಡಿ ಸಾರ್? ಅರ್ಧ ದಿನದ ಕೆಲ್ಸ” ಎಂದ. ಇಡಿಸಿದೆ. ಈಗ ಅಲ್ಲಿರುವವರ ಒಗ್ಗರಣೆಯ ವಾಸನೆ ಅಂಗಳಕ್ಕೆ ಬರುತ್ತದೆ. ಅಭ್ಯಾಸವಾಗಿದೆ.

ಕೆಲವು ತಿಂಗಳಾದ ಮೇಲೆ ಸಂತೆಬಾಚಹಳ್ಳಿಯ ಕಡೆ ವರದಿಗೆ ಹೋದಾಗ ದಾರಿ ಕೇಳಿಕೊಂಡು ಅವರಿದ್ದ ಮನೆಗೆ ಹೋದೆ. ಅವನು ಹೊರಗಿನ ಜಗಲಿಯಲ್ಲಿ, ದಿಂಬಿಗೆ ಒರಗಿ ಕೂತಿದ್ದ. ಮೈ ಅರ್ಧಕ್ಕರ್ಧ ಇಳಿದಿತ್ತು. ಇಲ್ಲಿ ಗಾಳಿ ಚೆನ್ನಾಗಿದೆ ಎಂದ. ಒಂದು ವರ್ಷ ಮೊದಲೇ ಬಂದಿದ್ದರೆ ಬೇರೆ ಮಾತಿತ್ತು ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದ. ಅವನ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದಳು.

ಪಕ್ಕದ ಮನೆಯ ಮುದುಕರೊಬ್ಬರು ಯಾರೆಂದು ವಿಚಾರಿಸಿದರು. ಅವನು ನೆಟ್ಟಗೆ ಕೂರಲು ಪ್ರಯತ್ನಿಸಿ, ನಡುವೆ ಎರಡು ಸಲ ಉಸಿರು ಎಳೆದುಕೊಂಡು ಹೇಳಿದ: “ಪೇಪರ್ನೋರು ಕಣಣ್ಣ. ಇವರ ಮನೇಲೇ ನಾವಿದ್ದುದ್ದು. ಬೋ ಒಳ್ಳೇ ಜನ. ಒಂದ್ ದಿನ ಒಂದ್ ಕೆಟ್ ಮಾತು ಆಡ್ನಿಲ್ಲ.”

ಮುದುಕರು ನನಗೆ ಕೈ ಮುಗಿದರು. ನಾನೂ ಮುಗಿದೆ.