ಪ್ಯಾದೆಯಿಂದ ಗೆಲ್ಲುವವರು

ದಾಸನಕೊಪ್ಪದ ಬಟ್ಟೆ ಅಂಗಡಿಯ ಶೇಖರಪ್ಪನವರು ಮೊಬೈಲಿನಲ್ಲಿ ಚದುರಂಗಕ್ಕೆ ಕೂತರೆಂದರೆ ಗಿರಾಕಿಗಳು ತಮ್ಮ ಬಟ್ಟೆಯನ್ನು ತಾವೇ ಅಳೆದುಕೊಳ್ಳಬೇಕು. ಎದುರಾಳಿ ಕಂಪ್ಯೂಟರಾದರೇನು, ಅದರ ರಾಜನ ಮೇಲೆ ಏರಿಹೋಗುವ ಮುನ್ನ "ರಾಜನ್ನ ನೋಡ್ಕೋರಿ" ಎಂದು ಎಚ್ಚರಿಸುವಷ್ಟು ಮರ್ಯಾದಸ್ಥರು. ಆ ಮರ್ಯಾದೆಗೆಟ್ಟ ಯಂತ್ರ ಮಾತ್ರ ಅವರನ್ನು ಹತ್ತು ಮಟ್ಟಗಳಲ್ಲಿ ಕೆಳಗಿನಿಂದ ಎರಡನೇ ಮಟ್ಟದ ಆಟಗಾರ ಎಂದುಬಿಟ್ಟಿತ್ತು. ನಮ್ಮಂಥವರಿಗಾದರೆ ಅದೇ ಬಿರುದು. ಊರಿಗೇ ಹೆಸರಾದವರಿಗೆ ಸಣ್ಣ ಪೆಟ್ಟಲ್ಲ. "ಅಪ್ಪಾಜಿ, ಮಂತ್ರಿ ನಡಸಿದ್ರ ಆಗ್ಲೇ ಗೆಲ್ತಿದ್ರಿ!" ಎಂದು ಮಗಳು ವೀಣಾ ಹಣೆ ಚಚ್ಚಿಕೊಳ್ಳುವಳು. "ಮಂತ್ರಿಯಿಂದ ಯಾರರ ಗೆಲ್ತಾರವ್ವಾ. ಪ್ಯಾದೆಯಿಂದ ರಾಜನ್ನ ಕಟ್ಟಿದ್ರ ಅದು ಗೆಲುವು" ಎನ್ನುತ್ತ ಕೈಗೆ ಬಂದ ಆಟವನ್ನು ಬಿಟ್ಟು, ಪ್ಯಾದೆಯನ್ನು ಒಂದೊಂದೇ ಮನೆ ನೂಕುತ್ತ ಹೋಗಿ ಸೋಲುವರು. ಗೆಳೆಯ ಪರಸಪ್ಪನವರೂ ಅವರೂ ಅಂಗಡಿ ಕಟ್ಟೆಯ ಮೇಲೆ ಇಪ್ಪತ್ತು ವರ್ಷ ಹಾಗೆಯೇ ಆಡಿದ್ದರು. ಪರಸಪ್ಪನವರು ತೀರಿಕೊಂಡ ಮೇಲೆ ಆ ರೀತಿಯ ಆಟ ಬಲ್ಲವರು ಊರಲ್ಲಿ ಉಳಿದಿಲ್ಲ. ಮೊನ್ನೆ ಬೆಳಿಗ್ಗೆ ಕೊನೆಗೂ ಅವರ ಪ್ಯಾದೆ ಕಂಪ್ಯೂಟರಿನ ರಾಜನನ್ನು ಕಟ್ಟಿಹಾಕಿತು. ಪರದೆಯ ಮೇಲೆ ಬಣ್ಣದ ಕಾಗದ ಉದುರಿ, 'ಗೆದ್ದಿರಿ! ಇನ್ನು ಮೂರನೇ ಮಟ್ಟ' ಎಂದಿತು. ವೀಣಾ ಚಪ್ಪಾಳೆ ತಟ್ಟಿದಳು. ಶೇಖರಪ್ಪನವರು ತುಸು ಹೊತ್ತು ಪರದೆಯನ್ನೇ ನೋಡುತ್ತ ಕಾದರು. "ಯಾತರಿಂದ ಗೆದ್ದಿ ಅಂತ ಕೇಳವಲ್ದಲ್ಲವ್ವಾ ಇದು" ಎಂದರು.