ಮೆನುವಿನಲ್ಲಿ ಇಲ್ಲದ ಚೈನೀಸ್

ಮಮ್ಮಾಲಿಚ್ಚ ಯಾವ ಚೈನೀಸ್ ಹೋಟೆಲಿಗೆ ಹೋದರೂ ಮೊದಲು ನೋಡುವುದು ಈರುಳ್ಳಿ ಸೊಪ್ಪನ್ನು. ಅದರ ಅಂಚು ಜಜ್ಜಿದಂತಿದ್ದರೆ ಅಲ್ಲಿನ ಕತ್ತಿ ಹರಿತವಿಲ್ಲ. ಕತ್ತಿಯನ್ನು ನೋಡಿಕೊಳ್ಳದವರ ಅಡುಗೆಯೂ ಅಷ್ಟೇ ಎಂದು ಅವರ ನಂಬಿಕೆ. ದುಬೈಯ ದೇರಾದಲ್ಲಿ ಒಂದು ಚೈನೀಸ್ ಹೋಟೆಲಿನ ಅಡುಗೆಮನೆಯಲ್ಲಿ ಅವರು ಇಪ್ಪತ್ತೆರಡು ವರ್ಷ ತರಕಾರಿ ಕತ್ತರಿಸಿದ್ದಾರೆ. ಕತ್ತರಿಸುವುದು ಮಾತ್ರ. ಒಲೆಯ ಮುಂದೆ ನಿಲ್ಲುವವರು ಬೇರೆ ಇದ್ದರು.

ಈಗ ಅವರಿಗೆ ಅರುವತ್ತೊಂದು. ಹೆಂಡತಿ ಪಾತುಮ್ಮನ ಜೊತೆ ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಹಿಂದೆ, ಮಗಳು ಜಸೀಲಾಳ ಮನೆಯಲ್ಲಿದ್ದಾರೆ. ಅದರ ಪಕ್ಕದ್ದು ನಮ್ಮ ಮನೆ. ಕಳೆದ ವರ್ಷ ಪಾತುಮ್ಮನಿಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟಿತು, ಹಸಿವು ಮಾತ್ರ ಹಿಂದೆ ಬರಲಿಲ್ಲ. ಜಸೀಲಾ ಅಕ್ಕಿಹಿಟ್ಟಿನ ಪತ್ತಿರಿ ಸುಟ್ಟು ಕೊಟ್ಟರೂ ಮೀನು ಸಾರು ಮಾಡಿದರೂ ಎರಡು ತುತ್ತು ತಿಂದು ತಟ್ಟೆ ದೂಡುತ್ತಿದ್ದರು. ಮುಂದಿನ ಸೋಮವಾರದೊಳಗೆ ಸರಿಯಾಗಿ ತಿನ್ನಲು ತೊಡಗದಿದ್ದರೆ ಪುನಃ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಮೊದಲ ಸಲದ ಸೂಜಿಯ ಕಲೆಗಳೇ ಪಾತುಮ್ಮನ ಕೈಯಿಂದ ಇನ್ನೂ ಹೋಗಿರಲಿಲ್ಲ.

ಆ ದಿನ ಪಾತುಮ್ಮ ಮಲಗಿದಲ್ಲಿಂದಲೇ ಗಂಡನಿಗೆ, ದುಬೈಯಲ್ಲಿ ನೀವು ತರುತ್ತಿದ್ದ ಚೈನೀಸ್ ಸಿಕ್ಕಿದರೆ ಸ್ವಲ್ಪ ತಿನ್ನಬಹುದಿತ್ತು ಎಂದರು. ಹದಿನೇಳು ವರ್ಷದ ಹಿಂದೆ ಅವರು ವಿಸಿಟ್ ವೀಸಾದಲ್ಲಿ ಎರಡು ತಿಂಗಳು ಅಲ್ಲಿದ್ದರು. ಹೆಂಡತಿ ಬಾಯಿಬಿಟ್ಟು ಏನನ್ನೋ ಕೇಳಿದಳಲ್ಲ ಎಂಬ ಸಂತೋಷದಲ್ಲಿ ಮಮ್ಮಾಲಿಚ್ಚ, ಯಾವುದು ಎಂದು ಕೇಳಲೇ ಇಲ್ಲ. ಆ ಹೋಟೆಲಿನ ಮೊಟ್ಟೆ ಸೂಪಿಗೆ ದೊಡ್ಡ ಹೆಸರಿತ್ತು. ಪಾತುಮ್ಮ ಊರಿಗೆ ಹೊರಡುವ ಹಿಂದಿನ ದಿನ ಅದನ್ನು ಅವರು ಗಿರಾಕಿಯ ಹಾಗೆಯೇ ಆರ್ಡರ್ ಕೊಟ್ಟು ಕಟ್ಟಿಸಿಕೊಂಡು ಹೋಗಿದ್ದರು. ಕೇಳಿದ್ದು ಅದನ್ನೇ ಎಂದು ತಿಳಿದುಕೊಂಡರು.

ಮರುದಿನದಿಂದ ಬಸ್ ನಿಲ್ದಾಣದ ಸುತ್ತಲಿನ ಚೈನೀಸ್ ಹೋಟೆಲುಗಳನ್ನು ಒಂದೊಂದಾಗಿ ನೋಡಿದರು. ಒಂದು ಕಡೆ ಸೂಪು ಕಾರ್ನ್‌ಫ್ಲೋರಿನಿಂದ ಅಂಟಿನ ಹಾಗಾಗಿ ಚಮಚದಿಂದ ಬೀಳಲೇ ಒಪ್ಪಲಿಲ್ಲ. ಇನ್ನೊಂದು ಕಡೆ ಅದು ಕೆಂಪಗಿತ್ತು. ಇಲ್ಲಿಯವರಿಗೆ ಖಾರ ಇಲ್ಲದಿದ್ದರೆ ಆಗುವುದಿಲ್ಲ ಎಂದು ಬಡಿಸುವವನು ಸಮಾಧಾನ ಹೇಳಿದ. ಮೂರನೆಯ ಕಡೆ ಈರುಳ್ಳಿ ಸೊಪ್ಪು ನೋಡಿಯೇ ಎದ್ದು ಬಂದರು.

ನಾಲ್ಕನೆಯ ದಿನ ಸಿಕ್ಕಿದ್ದು ಲ್ಯಾರಿಯ ಹೋಟೆಲು. ಚಪ್ಪಲಿ ಅಂಗಡಿಯ ಮಹಡಿಯ ಮೇಲೆ, ನಾಲ್ಕೇ ಮೇಜು. ಲ್ಯಾರಿ ಹನ್ನೊಂದು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದು ಬಂದವನು. ಅವನ ಸೂಪಿನಲ್ಲಿ ಮೊಟ್ಟೆ ತೆಳುಬಟ್ಟೆಯಂತೆ ತೇಲುತ್ತಿತ್ತು. ಈರುಳ್ಳಿ ಸೊಪ್ಪು ಪುಟ್ಟ ಬಳೆಗಳಂತೆ ಉರುಟಾಗಿಯೇ ಇತ್ತು. ಮಮ್ಮಾಲಿಚ್ಚ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಕತ್ತಿಯನ್ನೊಮ್ಮೆ ನೋಡಬಹುದೇ ಎಂದು ಕೇಳಿದರು.

“ಸೂಪ್ ಕುಡಿಯಲಿಕ್ಕೆ ಬಂದದ್ದಾ, ಇನ್‌ಸ್ಪೆಕ್ಷನಿಗೆ ಬಂದದ್ದಾ ಮಾರಾಯ್ರೆ?” ಎಂದ ಲ್ಯಾರಿ. ಆದರೂ ಕತ್ತಿ ತೋರಿಸಿದ.

ಬಿಸಿ ಆರುವ ಮೊದಲೇ ಸೂಪು ಮನೆ ತಲುಪಿತು. ಪಾತುಮ್ಮ ಒಂದು ಚಮಚ ಕುಡಿದು ಬಟ್ಟಲನ್ನು ಕೆಳಗಿಟ್ಟರು.

“ಒಳ್ಳೆದುಂಟು. ಆದ್ರೆ ಇದಲ್ಲ. ಅದು ಬಿಳಿ ಇತ್ತು. ದಿನಾ ಮಧ್ಯಾಹ್ನ ಸ್ಟೀಲಿನ ಟಿಫಿನಿನಲ್ಲಿ ತರ್ತಿದ್ರಲ್ಲ, ಅದು.”

ಮಮ್ಮಾಲಿಚ್ಚ ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು. ಅದು ಯಾವ ಮೆನುವಿನಲ್ಲೂ ಇರಲಿಲ್ಲ. ಅಡುಗೆಮನೆಯ ಕೆಲಸದವರಿಗೆಂದು ಮುದುಕ ಚೀನೀ ಬಾಣಸಿಗ ಮಧ್ಯಾಹ್ನ ಬೇಯಿಸುತ್ತಿದ್ದ ಗಂಜಿ ಅದು. ಅನ್ನ ಪೂರ್ತಿ ಕರಗುವವರೆಗೆ ಕುದಿಸಿ, ಶುಂಠಿ ಮತ್ತು ಮೊಟ್ಟೆ ಹಾಕುತ್ತಿದ್ದ. ಅಷ್ಟು ದೂರದಿಂದ ಬಂದ ಹೆಂಡತಿಗೆ ಕೆಲಸದವರ ಗಂಜಿ ಎನ್ನಲು ನಾಚಿಕೆಯಾಗಿ, ಇದು ನಮ್ಮ ಹೋಟೆಲಿನ ಸ್ಪೆಷಲ್ ಎಂದು ಅವರು ಹೇಳಿದ್ದರು.

ಪುನಃ ಮಹಡಿ ಹತ್ತಿ ಇದನ್ನೆಲ್ಲ ತಲೆ ತಗ್ಗಿಸಿಕೊಂಡು ಲ್ಯಾರಿಗೆ ಹೇಳಿದರು. ಹಡಗಿನಲ್ಲಿಯೂ ಕೆಲಸದವರು ಬೆಳಿಗ್ಗೆ ಅದನ್ನೇ ಉಣ್ಣುತ್ತಿದ್ದರಂತೆ.

“ಚೈನೀಸ್ ಅಂತ ಬೋರ್ಡ್ ಹಾಕಿ ಗಂಜಿ ಕೊಟ್ರೆ ಜನ ಬೋರ್ಡನ್ನೇ ಕಿತ್ತು ಹಾಕಿಯಾರು. ನೀವು ಮನೆಯಲ್ಲೇ ಮಾಡಿ. ನಾನು ಹೇಳಿಕೊಡ್ತೇನೆ.”

ತೊಳೆದ ಅಕ್ಕಿಗೆ ಸ್ವಲ್ಪ ಎಣ್ಣೆ ಸವರಿಡಬೇಕು. ಒಂದು ಲೋಟ ಅಕ್ಕಿಗೆ ಹತ್ತು ಲೋಟ ನೀರು. ಸಣ್ಣ ಉರಿಯಲ್ಲಿ ಎರಡು ಗಂಟೆ, ತಳ ಹಿಡಿಯದ ಹಾಗೆ ಕೈಯಾಡಿಸುತ್ತಿರಬೇಕು. ಲ್ಯಾರಿ ಹೇಳಿದ್ದನ್ನು ಮಮ್ಮಾಲಿಚ್ಚ ಎರಡು ಸಲ ಒಪ್ಪಿಸಿ ತೋರಿಸಿದರು.

ಶನಿವಾರ ಬೆಳಿಗ್ಗೆ ಅವರು ಜಸೀಲಾಳನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು. ಶುಂಠಿಯನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿದರು. ಕೈಗೆ ಅದು ಮರೆತಿರಲಿಲ್ಲ. ಒಲೆಯೆದುರು ನಿಂತು ಬೇಯಿಸುವುದು ಮಾತ್ರ ಜೀವಮಾನದಲ್ಲಿ ಮೊದಲು. ಎರಡು ಗಂಟೆ ಸೌಟು ಬಿಡಲಿಲ್ಲ. ಅಕ್ಕಿಯ ಆಕಾರ ಹೋದ ಮೇಲೆ ಮೊಟ್ಟೆ ಒಡೆದು ಹಾಕಿದರು.

ಪಾತುಮ್ಮ ಮೊದಲ ಚಮಚ ನಿಧಾನ ಕುಡಿದರು. ಮತ್ತೆ ಇನ್ನೊಂದು. ಕೊನೆಗೆ ಚಮಚ ಬಟ್ಟಲಿನ ತಳ ಕೆರೆಯುವ ಸದ್ದು ಬಾಗಿಲಲ್ಲಿ ನಿಂತಿದ್ದ ಜಸೀಲಾಳಿಗೂ ಕೇಳಿಸಿತು. ಆಗ ಮಮ್ಮಾಲಿಚ್ಚ ನಿಜ ಹೇಳಿದರು. ಇದು ಸ್ಪೆಷಲ್ ಅಲ್ಲ, ಕೆಲಸದವರಿಗೆ ತಲೆಗೊಂದು ಬಟ್ಟಲು ಕೊಡುತ್ತಿದ್ದದ್ದು.

ಪಾತುಮ್ಮ ಚಮಚವನ್ನು ಖಾಲಿ ಬಟ್ಟಲಿನಲ್ಲಿಟ್ಟರು.

“ತಲೆಗೆ ಒಂದೇ ಬಟ್ಟಲಾ?”

“ಹೌದು.”

“ಹಾಗಾದ್ರೆ ಆ ಎರಡು ತಿಂಗಳು ಮಧ್ಯಾಹ್ನ ನೀವು ಎಂತ ತಿಂದದ್ದು?”

ಮಮ್ಮಾಲಿಚ್ಚ, ಇನ್ನೂ ಉಂಟು ಎಂದು ಅವರ ಬಟ್ಟಲಿಗೆ ಪುನಃ ಬಡಿಸಿದರು. ಪಾತುಮ್ಮ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದಿಟ್ಟರು.

“ಮೊದಲು ನೀವು ತಿನ್ನಿ. ಮತ್ತೆ ನನಗೆ ಇನ್ನೊಂದು ಬಡಿಸಿ.”

ಜಸೀಲಾ ಇನ್ನೊಂದು ಬಟ್ಟಲು ತರಲು ಒಳಗೆ ಹೋದಳು.